ಹುಣಸೆ ಬುಡದ ಸಿಮೆಂಟು

ಹುಣಸೆ ಎಲೆ ಎಷ್ಟು ಸಣ್ಣದು ಎಂಬುದು ಗುಡಿಸಿದವರಿಗೇ ಗೊತ್ತು. ಮಾವಿನೆಲೆಯನ್ನು ಕಸಬರಿಗೆಯಿಂದ ಒಂದು ಕಡೆ ತಳ್ಳಿದರೆ ಹೋಗುತ್ತದೆ. ಹುಣಸೆ ಎಲೆ ಹಾಗಲ್ಲ. ಹೊಟ್ಟಿನ ಹಾಗೆ ಮಣ್ಣಿಗೆ ಅಂಟಿಕೊಳ್ಳುತ್ತದೆ, ನೀರಿನ ಕೊಡದಲ್ಲಿ ತೇಲುತ್ತದೆ, ರೊಟ್ಟಿ ಹಿಟ್ಟಿನಲ್ಲಿ ಸೇರುತ್ತದೆ, ಒಣಗಿದ ಸೀರೆಯ ಮಡಿಕೆಯಲ್ಲಿ ಕೂತಿರುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮರುದಿನ ಬೆಳಗ್ಗೆ ಅತ್ತೆ ನನ್ನ ಕೈಗೆ ಕೊಟ್ಟದ್ದು ಕಸಬರಿಗೆ. ಅವತ್ತಿನಿಂದ ಗುಡಿಸುತ್ತಿದ್ದೇನೆ. ಐವತ್ತು ವರ್ಷದ ಮೇಲಾಯಿತು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇದನ್ನು ಬರೆದು ಮೊಮ್ಮಗಳ ಕೈಗೆ ಕೊಟ್ಟೆ, ಅವಳು ಕಾಗುಣಿತ ತಿದ್ದಿ ಬುಕ್ಕಿನ ಕನ್ನಡ ಮಾಡಿದಳು. ಮಾತಾಡಿದ ಮಾತುಗಳನ್ನು ಮಾತ್ರ ಹಾಗೇ ಬಿಡು ಎಂದು ಹೇಳಿದ್ದೆ, ಬಿಟ್ಟಿದ್ದಾಳೆ.

ನಮ್ಮ ಮನೆ ಕೊಟ್ಟೂರಿನ ಹಳೇ ಓಣಿಯಲ್ಲಿದೆ. ಹಿತ್ತಲಲ್ಲಿ ಎರಡು ಹುಣಸೆ ಮರಗಳಿದ್ದವು. ದೊಡ್ಡದನ್ನು ಮೂರು ಜನ ಕೈ ಹಿಡಿದು ನಿಂತರೂ ತಬ್ಬಲಾಗುತ್ತಿರಲಿಲ್ಲ. ಸಣ್ಣದು ಬಚ್ಚಲ ಕಡೆ, ಅದರ ಅರ್ಧದಷ್ಟು. ಯಾವಾಗಿನ ಮರ ಎಂದು ಯಾರಿಗೂ ಗೊತ್ತಿಲ್ಲ. ನಮ್ಮ ಅತ್ತೆ ಬಂದಾಗಲೂ ಅಷ್ಟೇ ದಪ್ಪ ಇತ್ತಂತೆ, ಅವರ ಅತ್ತೆ ಬಂದಾಗಲೂ ಅಷ್ಟೇ ಇತ್ತಂತೆ. ಪಾಳೇಗಾರರ ಕಾಲದ್ದು, ಅವರ ಕುದುರೆಗಳನ್ನು ಇಲ್ಲಿ ಕಟ್ಟುತ್ತಿದ್ದರು ಎಂದು ಓಣಿಯವರು ಹೇಳುತ್ತಾರೆ. ದೊಡ್ಡ ಮರದ ಬೊಡ್ಡೆಯಲ್ಲಿ ಒಂದು ಕಬ್ಬಿಣದ ಬಳೆ ಇತ್ತು, ಅದನ್ನು ತೋರಿಸಿಯೇ ಹೇಳುತ್ತಿದ್ದರು.

ಈ ಕುದುರೆ ಕಥೆಯನ್ನು ಹೆಚ್ಚು ಹೇಳಿದವಳು ನನ್ನ ಮಗಳು. ಅವಳು ಓದಿದ್ದು ಆರ್ಕಿಟೆಕ್ಟ್ ಕೆಲಸ. ಮನೆ ಹೇಗಿರಬೇಕು, ಬಾಗಿಲು ಎಲ್ಲಿರಬೇಕು, ಗಾಳಿ ಎಲ್ಲಿಂದ ಬರಬೇಕು ಎಂದು ಕಾಗದದ ಮೇಲೆ ಬರೆದುಕೊಡುವುದು. ಊರವರು ಅವಳನ್ನು ಇಂಜಿನಿಯರಮ್ಮ ಅನ್ನುತ್ತಾರೆ. ನಾನು ಇಂಜಿನಿಯರ್ ಅಲ್ಲ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿ ಬಿಟ್ಟಿದ್ದಾಳೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದ ಜನ ಮನೆ ಬರೆಸಿಕೊಳ್ಳಲು ಬರುತ್ತಾರೆ. ಬಂದವರಿಗೆ ಮೊದಲು ಅಂಗಳದ ಮರ ತೋರಿಸುವುದು ಅವಳ ರೂಢಿ.

"ಇಲ್ಲಿ ಪಾಳೇಗಾರರ ಕುದುರಿ ಕಟ್ಟತಿದ್ರಂತ ನೋಡ್ರಿ," ಎಂದು ಅವಳು ಬಳೆ ತೋರಿಸುತ್ತಿದ್ದಳು.

"ಕುದುರಿ ಅಲ್ರಿ, ಎಮ್ಮಿ. ಹಾಯೋ ಎಮ್ಮಿ ಒಂದಿತ್ತು. ಅದಕ್ಕ ನಮ್ಮ ಮಾವ ಹೊಡದಿದ್ದು ಆ ಬಳಿ," ಎಂದು ನಾನು ಅನ್ನುತ್ತಿದ್ದೆ.

"ಅವ್ವ, ನೀ ಒಳಗ ಹೋಗಿ ಚಾ ಇಡು."

ನಾನು ಹೋಗಿ ಚಹಾ ಇಡುತ್ತಿದ್ದೆ. ಆದರೆ ಎಮ್ಮೆಯ ಮಾತು ಹೇಳದೆ ಯಾವತ್ತೂ ಒಳಗೆ ಹೋಗಲಿಲ್ಲ. ಆ ಬಳೆಗೆ ಎಮ್ಮೆ ಕಟ್ಟಿದವಳು ನಾನು. ನನಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿರುತ್ತದೆಯೇ?

ನನ್ನ ಗಂಡ ತೀರಿದ ಮೇಲೆ ಹಳೇ ಮಣ್ಣಿನ ಮಾಳಿಗೆ ಸೋರಲು ಹತ್ತಿತು. ನನಗೆ ಇವಳೊಬ್ಬಳೇ ಮಗಳು. ತನ್ನ ಗಂಡನನ್ನೂ ಮಗಳನ್ನೂ ಕರೆದುಕೊಂಡು ಇಲ್ಲಿಗೇ ಬಂದಳು. ಅಳಿಯ ಹೊಸಹಳ್ಳಿ ಕಡೆ ಶಾಲೆಯಲ್ಲಿ ಮಾಸ್ತರು, ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾರೆ. ಮಗಳು ಹಳೇ ಮನೆ ಕೆಡವಿ ಹಿತ್ತಲನ್ನೂ ಸೇರಿಸಿ ಹೊಸ ಮನೆ ಬರೆದಳು. ಒಂದು ತಿಂಗಳು ಟೇಪು ಹಿಡಿದು ಮರಗಳನ್ನು ಅಳೆದಳು. ಯಾವ ಕೊಂಬೆ ಎಲ್ಲಿಯವರೆಗೆ ಬರುತ್ತದೆ, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ ಎಂದು ಸುಣ್ಣದಲ್ಲಿ ಗೆರೆ ಎಳೆದಳು. ಕೊನೆಗೆ ನೋಡಿದರೆ ಮರಗಳು ನಡುವೆ, ಮನೆ ಸುತ್ತ. ಎಲ್ಲ ಕೋಣೆಯ ಬಾಗಿಲೂ ಅಂಗಳಕ್ಕೆ. ಒಂದು ಕೊಂಬೆಗಾಗಿ ಮೇಲಿನ ಸ್ಲ್ಯಾಬನ್ನು ಬಟ್ಟೆ ಕತ್ತರಿಸಿದ ಹಾಗೆ ಅರ್ಧಚಂದ್ರಾಕಾರ ಬಿಡಿಸಿದ್ದಳು. ಅವಳು ಮನೆ ಕಟ್ಟಿದ್ದು ಮರಕ್ಕೆ, ನಮಗಲ್ಲ.

ಓಣಿಯ ಹೆಂಗಸರು ಬಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಹುಣಸೆ ಕೆಳಗೆ ಮಲಗಬಾರದು ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ.

"ಹುಣಸಿ ಗಿಡ ನಡುಮನ್ಯಾಗ ಇಟ್ಕೊಂಡು ಯಾರ ಮಲಗತಾರಬೇ? ದೆವ್ವ ಇರತಾವ," ಎಂದಳು ಎದುರು ಮನೆಯಾಕೆ.

"ಇದ್ರ ಬರಲಿ ಬಿಡು. ಬಂದು ಒಂದಿಷ್ಟು ಕಸ ಹೊಡೀಲಿ," ಎಂದೆ.

ಮನೆ ತಂಪಾಗಿತ್ತು, ಸುಳ್ಳು ಹೇಳಬಾರದು. ಏಪ್ರಿಲ್ ಮೇ ಬಿಸಿಲಿನಲ್ಲಿ ಬೇರೆ ಮನೆಗಳ ಗೋಡೆ ಮುಟ್ಟಲಾಗದಷ್ಟು ಕಾದಿದ್ದರೆ ನಮ್ಮಲ್ಲಿ ಫ್ಯಾನಿಲ್ಲದೆ ನಿದ್ದೆ ಬರುತ್ತಿತ್ತು. ದಾವಣಗೆರೆಯಿಂದ ಓದುವ ಹುಡುಗಿಯರು ಬಂದು ಫೋಟೋ ಹೊಡೆದುಕೊಂಡು ಹೋದರು. "ಎಷ್ಟು ಚೆಂದ ಅಜ್ಜಿ ನಿಮ್ಮ ಅಂಗಳ" ಎಂದರು. ಒಬ್ಬಳೂ ಕಸಬರಿಗೆ ಕಡೆ ನೋಡಲಿಲ್ಲ.

ಅಂಗಳವನ್ನು ಮಗಳು ಮಣ್ಣಿನದೇ ಬಿಟ್ಟಿದ್ದಳು. ಮೊದಲು ಹಿತ್ತಲಲ್ಲಿ ಕಸ ಬಿದ್ದರೆ ಮಧ್ಯಾಹ್ನ ಹೊಡೆದರೂ ನಡೆಯುತ್ತಿತ್ತು. ಈಗ ಹಿತ್ತಲು ಮನೆಯ ನಡುವೆ ಬಂದಿದೆ, ಯಾವ ಬಾಗಿಲು ತೆಗೆದರೂ ಕಣ್ಣಿಗೆ ಅದೇ. ಬೆಳಗ್ಗೆ ಐದಕ್ಕೆ ಎದ್ದು ಗುಡಿಸಿ, ಸಗಣಿ ನೀರು ಹಾಕಿ ತಿರುಗಿ ನೋಡುವಷ್ಟರಲ್ಲಿ ಮತ್ತೆ ಉದುರಿರುತ್ತಿತ್ತು. ಹೂವಿನ ಕಾಲಕ್ಕೆ ಹೂವು, ಗಾಳಿ ಕಾಲಕ್ಕೆ ಕಡ್ಡಿ, ಮಾಘದಲ್ಲಿ ಹಣ್ಣು. ಮೊಣಕಾಲು ಆಗಲೇ ಹೋಗಿದ್ದವು. ಕೂತರೆ ಏಳಲು ಗೋಡೆ ಬೇಕು. ಮಗಳಿಗೆ ಹೇಳಿದರೆ, "ಬಿಡವ್ವ, ಎಲಿ ಬಿದ್ರ ಏನಾತು, ಮಣ್ಣಿಗೆ ಗೊಬ್ಬರ" ಅನ್ನುತ್ತಿದ್ದಳು. ಅಂಗಳದಲ್ಲಿ ಕಸ ಇಟ್ಟುಕೊಂಡು ಸೂರ್ಯ ಹುಟ್ಟಿದರೆ ಓಣಿಯಲ್ಲಿ ಆಡಿಕೊಳ್ಳುವುದು ಅವಳನ್ನಲ್ಲ, ನನ್ನನ್ನು.

ಒಂದು ಮಳೆಗಾಲ ಬಚ್ಚಲಿಗೆ ಹೋಗುವಾಗ ಆ ಎಲೆ ಕೆಸರಿನಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಮೊಣಕಾಲು ಮಾತ್ರ ತೆಂಗಿನಕಾಯಿಯಷ್ಟಾಯಿತು. ಹದಿನೈದು ದಿನ ಮಲಗಿದೆ. ಮಗಳು ಎಣ್ಣೆ ತಿಕ್ಕಿದಳು, ಕಾಸಿದಳು. ಆ ಹದಿನೈದು ದಿನ ಗುಡಿಸಿದವರು ಅಳಿಯ, ಅದೂ ಬಸ್ಸಿಗೆ ಹೋಗುವ ಅವಸರದಲ್ಲಿ, ಬಾಗಿಲಿಂದ ಬಾಗಿಲಿಗೆ ಒಂದು ದಾರಿಯಷ್ಟು.

ಎದ್ದು ಓಡಾಡುವಂತಾದ ಮೇಲೆ ಮಗಳಿಗೆ ಹೇಳಿದೆ: "ಅಂಗಳಕ್ಕ ಸಿಮೆಂಟ್ ಹಾಕ್ಸು."

"ಬ್ಯಾಡವ್ವ. ಗಿಡದ ಬುಡಕ್ಕ ಉಸಿರು ಬೇಕು."

"ಬುಡ ಉಸಿರಾಡತೈತೇನು? ಮೂಗು ಎಲ್ಲೈತಿ ಅದಕ್ಕ?"

"ನಗಬ್ಯಾಡ. ಖರೇನ ಹೇಳಾಕತ್ತೀನಿ."

"ನಿನ್ನ ಹತ್ರ ಮನಿ ಬರಸವರೆಲ್ಲಾ ಹಾಕಸ್ತಾರಲ್ಲ, ಅವರಿಗೆ ಯಾಕ ಬ್ಯಾಡ ಅನ್ನಂಗಿಲ್ಲ?"

"ಅವರಿಗೂ ಬ್ಯಾಡ ಅಂತೀನಿ. ಕೇಳಂಗಿಲ್ಲ."

"ನಾನೂ ಕೇಳಂಗಿಲ್ಲ," ಎಂದೆ.

ಅವಳು ಅದನ್ನು ತಮಾಷೆ ಎಂದುಕೊಂಡಳು. ನಾಲ್ಕು ದಿನ ಬಿಟ್ಟು ಹಡಗಲಿಯಲ್ಲಿ ಒಂದು ಮನೆಗೆ ಸ್ಲ್ಯಾಬ್ ಹಾಕುವ ಕೆಲಸ ಬಂತು. ನಿಂತು ಮಾಡಿಸಬೇಕು, ಒಂದು ವಾರ ಅಲ್ಲೇ ಇರುತ್ತೇನೆ ಎಂದು ಹೋದಳು. ಅವಳ ಬಸ್ಸು ಹೊರಟ ದಿನವೇ ನಾನು ಗೌಂಡಿ ಸಾಬರಿಗೆ ಹೇಳಿಕಳಿಸಿದೆ. ನಮ್ಮ ಮನೆ ಕಟ್ಟಿದವರು ಅವರೇ. ಹಿಂದಿನ ಓಣಿಯವರು, ಅವರ ಅಪ್ಪನೂ ಗೌಂಡಿ, ಅಜ್ಜನೂ ಗೌಂಡಿ. ಕೈ ಕೆಲಸದಲ್ಲಿ ಒಂದು ಕೂದಲು ಹೆಚ್ಚುಕಡಿಮೆ ಇಲ್ಲ. ಬಂದು ಅಂಗಳ ನೋಡಿ ಗಡ್ಡ ಕೆರೆದುಕೊಂಡರು.

"ಇಂಜಿನಿಯರಮ್ಮಾರ್ನ ಕೇಳೀರೇನ್ರಿ ಅಕ್ಕಾರ?"

"ಅಕಿನ ಹಡದಾಕಿ ನಾನು ಸಾಬ್ರ. ನಾ ಅಕಿನ್ನ ಕೇಳಬೇಕೇನು?"

"ನೀವು ಹಡದೀರಿ, ಖರೆ. ಬೈಸಿಕೊಳ್ಳಾಂವ ನಾನ ಅಲ್ಲೇನ್ರಿ?"

"ನನ್ನ ಮೊಣಕಾಲು ನೋಡ್ರಿ ಇಲ್ಲಿ," ಎಂದು ಸೀರೆ ಸ್ವಲ್ಪ ಎತ್ತಿ ಬಾವು ತೋರಿಸಿದೆ.

ಪಾಪ, ಮುಖ ಆ ಕಡೆ ತಿರುಗಿಸಿಕೊಂಡು, "ಆತು ಬಿಡ್ರಿ, ಆತು ಬಿಡ್ರಿ" ಎಂದರು.

ಬರೀ ನೆಲ ಮಾಡಿಸಿದ್ದರೆ ಏನಾಗುತ್ತಿತ್ತೋ. ನಾನು ಕಟ್ಟೆಯನ್ನೂ ಹೇಳಿದೆ. ಮರಕ್ಕೆ ಕಟ್ಟೆ ಕಟ್ಟಿಸುವುದು ನಮ್ಮಲ್ಲಿ ಒಳ್ಳೆಯ ಕೆಲಸ. ಊರ ಮುಂದಿನ ಮರಕ್ಕೆ ಕಟ್ಟೆ ಕಟ್ಟಿಸಿದವರನ್ನು ಜನ ನೆನೆಯುತ್ತಾರೆ. ನನಗೂ ಕಾಲು ಇಳಿಬಿಟ್ಟು ಕೂರಲು ಎತ್ತರದ ಜಾಗ ಬೇಕಿತ್ತು, ನೆಲದಲ್ಲಿ ಕೂತರೆ ಏಳಲಾಗುತ್ತಿರಲಿಲ್ಲ. ಸಾಬರು ದೊಡ್ಡ ಮರದ ಸುತ್ತ ಮೊಣಕಾಲೆತ್ತರ ಕಲ್ಲು ಕಟ್ಟಿ, ಒಳಗೆ ಗರಸು ಮಣ್ಣು ತುಂಬಿ, ನೀರು ಹಾಕಿ ದಮ್ಮಸು ಬಡಿದು ಗಟ್ಟಿ ಮಾಡಿದರು. ಮೇಲೆ ಬೊಡ್ಡೆಗೆ ಅಂಟಿಕೊಂಡಂತೆ ಕಾಂಕ್ರೀಟು. ಬೆರಳು ತೂರುವಷ್ಟೂ ಸಂದಿಲ್ಲ. ಅಂಗಳಕ್ಕೂ ಗರಸು ಹರವಿ, ನೀರು ಓಣಿ ಕಡೆ ಹರಿಯುವ ಹಾಗೆ ವಾಟ ಕೊಟ್ಟು, ಸಿಮೆಂಟು ಹಾಕಿ ನುಣ್ಣಗೆ ಮಾಡಿದರು.

ಸಣ್ಣ ಮರದ ಹತ್ತಿರ ಬರುವಷ್ಟರಲ್ಲಿ ಸಿಮೆಂಟು ಮುಗಿಯಿತು. "ಒಂದೆರಡು ಚೀಲ ಕಮ್ಮಿ ಬಿತ್ತು ಅಕ್ಕಾರ. ನಾಳಿ ತಂದು ಅದನ್ನೂ ಹೊಡದುಬಿಡ್ತೀನಿ," ಎಂದರು. ಮರುದಿನ ಅವರಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಬಚ್ಚಲ ಕಡೆ ಹಾಗೇ ಉಳಿಯಿತು. ಹೋಗುವಾಗ ಕಟ್ಟೆ ಮೇಲೆ ಕೈಯಿಂದ ತಟ್ಟಿ, "ಇದನ್ನ ಒಡೀಬೇಕಂದ್ರ ಆನಿ ಬರಬೇಕ್ರಿ" ಎಂದರು. ನನಗೆ ಬಹಳ ಸಂತೋಷವಾಯಿತು.

ಮಗಳು ಬಂದದ್ದು ಮಧ್ಯಾಹ್ನ. ಚೀಲ ಹೆಗಲಿಂದ ಇಳಿಸಲಿಲ್ಲ. ಬಾಗಿಲಲ್ಲಿ ನಿಂತು ಅಂಗಳ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದು ಕಟ್ಟೆ ಮೇಲೆ ಕೈ ಇಟ್ಟಳು. ಬೈಯುತ್ತಾಳೆ ಎಂದು ನಾನು ಉತ್ತರ ಹುಡುಕಿಟ್ಟುಕೊಂಡಿದ್ದೆ. ಬೈಯಲಿಲ್ಲ. ನಾಲ್ಕನೇ ದಿನ ಸುತ್ತಿಗೆ, ಉಳಿ ತಂದು ಕಟ್ಟೆಯ ಮುಂದೆ ಕೂತಳು.

"ಏನ್ ಮಾಡ್ತಿ?"

"ಬುಡದ ಸುತ್ತ ಎರಡು ಮೊಳ ಬಿಡಸ್ತೀನಿ. ಉಳಿದಿದ್ದು ಇರ್ಲಿ."

"ಅದನ್ನ ಮುಟ್ಟಿದಿ ಅಂದ್ರ ತೆಲಿಗಿಗೆ ನನ್ನ ತಂಗಿ ಮನಿಗೆ ಹೋಗ್ತೀನಿ. ತಿರುಗಿ ಬರಂಗಿಲ್ಲ."

"ಅವ್ವ, ಸಾಯ್ತೈತಿ ಅದು."

"ಬಸ್ ಸ್ಟ್ಯಾಂಡ್ ಬೇವಿನ ಗಿಡಕ್ಕ ಕಟ್ಟಿ ಐತಿ. ಸತ್ತೈತೇನು? ನಾ ಬಿದ್ದು ಸತ್ರ ನಿನಗ ಚಿಂತಿಲ್ಲ. ಗಿಡ ಸತ್ರ ಚಿಂತಿ."

ಆ ಮಾತು ಆಡಬಾರದಿತ್ತು. ಆಡಿದೆ. ಅವಳು ನನ್ನ ಮೊಣಕಾಲು ನೋಡಿದಳು. ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ಸುತ್ತಿಗೆ ಎತ್ತಿಕೊಂಡು ಒಳಗೆ ಹೋದಳು. ನಾನು ಗೆದ್ದೆ.

ಆ ವರ್ಷ ನಾನು ಸುಖವಾಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಒಂದು ಗಂಟೆಯ ಕೆಲಸ ಕಾಲು ಗಂಟೆಗೆ ಇಳಿಯಿತು. ಸಿಮೆಂಟಿನ ಮೇಲೆ ಎಲೆ ಅಂಟುವುದಿಲ್ಲ, ಕಸಬರಿಗೆ ತೋರಿಸಿದರೆ ಓಡುತ್ತದೆ. ಕಟ್ಟೆ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆ, ಬೇಳೆ ಆರಿಸುತ್ತಿದ್ದೆ. ಎದುರು ಮನೆಯಾಕೆಯೂ ಬಂದು ಕೂರುತ್ತಿದ್ದಳು, ದೆವ್ವದ ಮಾತೇ ಮರೆತಿದ್ದಳು. ಹುಣಸೆ ಕೆಳಗಿನ ಕಟ್ಟೆಯಷ್ಟು ತಂಪಾದ ಜಾಗ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಎರಡನೇ ವರ್ಷ ಕಸ ಇನ್ನೂ ಕಡಿಮೆಯಾಯಿತು. ಸಿಮೆಂಟಿನ ಗುಣ ಎಂದುಕೊಂಡೆ. ಮಗಳು ಮಾತ್ರ ಆಗಾಗ ತಲೆ ಎತ್ತಿ ನೋಡುತ್ತಿದ್ದಳು. ಮೊದಲು ಅಂಗಳದಲ್ಲಿ ನಿಂತರೆ ಆಕಾಶ ಚೂರು ಚೂರಾಗಿ ಕಾಣುತ್ತಿತ್ತು, ಈಗ ತಟ್ಟೆಯಷ್ಟು ತಟ್ಟೆಯಷ್ಟು ಕಾಣುತ್ತಿತ್ತು. ಏನು ನೋಡುತ್ತಿ ಎಂದು ನಾನು ಕೇಳಲಿಲ್ಲ.

ಮೂರನೇ ವರ್ಷ ದೊಡ್ಡ ಮರ ಎಂದೂ ಬಿಡದಷ್ಟು ಕಾಯಿ ಬಿಟ್ಟಿತು. ಕೊಂಬೆ ಕೊಂಬೆಯಲ್ಲೂ ಎಲೆಗಿಂತ ಕಾಯಿ ಹೆಚ್ಚು. ಮಾಘದಲ್ಲಿ ಹಣ್ಣು ಬಡಿದಾಗ ಅಂಗಳ ತುಂಬಿಹೋಯಿತು. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಹಣ್ಣು ಬಡಿದ ಮನೆಗೆ ಹೆಂಗಸರೆಲ್ಲ ಬಂದು ಕೂತು ಸಿಪ್ಪೆ ಸುಲಿದು, ನಾರು ಬಿಡಿಸಿ, ಬೀಜ ತೆಗೆದುಕೊಡುತ್ತಾರೆ. ಬೀಜ ಅವರಿಗೆ, ಹಣ್ಣಿನಲ್ಲೂ ಒಂದು ಪಾಲು ಅವರಿಗೆ. ಎರಡು ದಿನದಲ್ಲಿ ಮುಗಿಯುವ ಕೆಲಸ ಆ ಸಲ ಎಂಟು ದಿನ ನಡೆಯಿತು. ಉಪ್ಪು ಹಾಕಿ ಮುದ್ದೆ ಮಾಡಿ ಇಡಲು ಮನೆಯಲ್ಲಿ ಗಡಿಗೆ ಸಾಲಲಿಲ್ಲ.

"ನೋಡು, ಸಿಮೆಂಟು ಹೆಂಗ ಹಿಡಿಸೇತಿ ನಿನ್ನ ಗಿಡಕ್ಕ," ಎಂದೆ ಮಗಳಿಗೆ, ಎಲ್ಲ ಹೆಂಗಸರ ಮುಂದೆ.

ಅವಳು ಒಂದು ಹಣ್ಣು ಎತ್ತಿ ಮುರಿದಳು. ಒಳಗೆ ತಿರುಳು ತೆಳ್ಳಗೆ, ಬರೀ ಬೀಜ. "ಹೋಗಾಕ ಮುಂಚೆ ಹಿಂಗ ಬಿಡತಾವವ್ವ. ಬೀಜ ಬಿಟ್ಟು ಹೋಗಬೇಕಲ್ಲ," ಎಂದಳು, ಮೆಲ್ಲಗೆ.

"ಬಾಯಿ ತೊಳಕೋ," ಎಂದು ಬೈದೆ. ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ.

ಯುಗಾದಿ ಕಳೆದ ಮೇಲೆ ಸಣ್ಣ ಮರ ಚಿಗುರಿತು. ಹುಣಸೆ ಚಿಗುರು ಹಾಕಿ ಬೇಳೆ ಮಾಡಿದರೆ ನಮ್ಮ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚೇ ಹೋಗುತ್ತದೆ. ಮೊಮ್ಮಗಳು ಸ್ಟೂಲು ಹಾಕಿಕೊಂಡು ಚಿಗುರು ಬಿಡಿಸಿದಳು. ಆಮೇಲೆ ದೊಡ್ಡ ಮರದ ಹತ್ತಿರ ಹೋಗಿ ನಿಂತು, "ಅಜ್ಜಿ, ಇದರಾಗ ಚಿಗುರ ಇಲ್ಲ" ಎಂದಳು.

"ದೊಡ್ಡ ಗಿಡ, ತಡ ಮಾಡತೈತಿ."

ತಡವಾಯಿತು. ಒಂದು ತಿಂಗಳಾಯಿತು. ಹಳೇ ಎಲೆಯೂ ಉದುರಿತು. ಆ ಉದುರಿದ ಎಲೆಯನ್ನು ಬಾಚಿದ ದಿನ ಬುಟ್ಟಿ ಎತ್ತಿಕೊಂಡು ನಿಂತೆ. ಇನ್ನು ಉದುರಲು ಮೇಲೆ ಏನೂ ಇಲ್ಲ ಎಂದು ಆಗ ಕಾಣಿಸಿತು. ಬುಟ್ಟಿ ಕೆಳಗಿಟ್ಟು ನಾನೇ ಒಳಗಿನಿಂದ ಸುತ್ತಿಗೆ, ಉಳಿ ತಂದೆ. ಕಟ್ಟೆ ಮೇಲೆ ಕಾಲು ಚಾಚಿ ಕೂತು ಹೊಡೆಯಲು ಶುರು ಮಾಡಿದೆ. ನನ್ನ ಹೊಡೆತಕ್ಕೆ ಸಾಬರ ಕಾಂಕ್ರೀಟು ಕೇಳುತ್ತದೆಯೇ? ಹಿಡಿಯಷ್ಟು ಚಕ್ಕೆ ಎದ್ದಿತು, ಅಷ್ಟೇ. ಸದ್ದು ಕೇಳಿ ಮಗಳು ಬಂದಳು. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಳು.

"ಸಾಬರಿಗೆ ಫೋನ್ ಮಾಡೀನಿ," ಎಂದಳು.

ಸಾಬರು ಬಂದರು.

"ಆನಿ ಬರಬೇಕಂದಿದ್ರಿ," ಎಂದೆ.

"ಆನಿ ಸಿಗಲಿಲ್ರಿ ಅಕ್ಕಾರ. ಸಿಮೆಂಟ್ ಹಾಕಿದ ಕತ್ತೆನ ಬಂದೈತಿ," ಎಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಎರಡು ದಿನ ಒಡೆದರು. ಕಾಂಕ್ರೀಟು ಹೋಗಿ ಗರಸು ತೋಡಿದಾಗ ವಾಸನೆ ಬಂತು. ಬಹಳ ದಿನ ನೆನೆದ ಗೋಣಿಚೀಲದ ವಾಸನೆ. ಬೊಡ್ಡೆಯ ತೊಗಟೆ ಕಪ್ಪಾಗಿತ್ತು. ನಾನು ಬೆರಳಿಂದ ಮುಟ್ಟಿದರೆ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಕಿತ್ತು ಕೈಗೆ ಬಂತು. ಮೊಣಕಾಲೆತ್ತರಕ್ಕೂ ಹಾಗೇ, ಸುತ್ತಲೂ. ಸಾಬರು ಹಾರೆ ಗೋಡೆಗೆ ಆನಿಸಿ ನಿಂತರು.

"ನಾ ಎಷ್ಟು ಗಿಡಕ್ಕ ಕಟ್ಟಿ ಕಟ್ಟೀನಿ ಗೊತ್ತೇನ್ರಿ ಅಮ್ಮಾರ," ಎಂದರು ಮಗಳಿಗೆ. "ಕಟ್ಟಿ ಬಂದ ಮ್ಯಾಲ ಯಾವ ಗಿಡಾನೂ ತಿರುಗಿ ಹೋಗಿ ನೋಡಿಲ್ಲ."

ಮಗಳು, "ನಿಮ್ಮದೇನೂ ತಪ್ಪಿಲ್ಲ ಬಿಡ್ರಿ" ಎಂದಳು. ನನಗೆ ಆ ಮಾತು ಹೇಳಲಿಲ್ಲ. ಹೇಳಿದ್ದರೂ ಸುಳ್ಳಾಗುತ್ತಿತ್ತು.

ಒಂದು ಮಳೆಗಾಲ ಕಾಯೋಣ ಎಂದಳು. ಅಂಗಳದ ಸಿಮೆಂಟೂ ಪೂರ್ತಿ ತೆಗೆಸಿದಳು. ಬುಡಕ್ಕೆ ಹಳೇ ಗೊಬ್ಬರ ಹಾಕಿದಳು. ದಿನಾ ಸಂಜೆ ನಾನು ನೀರು ಹಾಕುತ್ತಿದ್ದೆ. ಕೊಡ ಹೊತ್ತು ಎಷ್ಟೋ ವರ್ಷವಾಗಿತ್ತು, ಸೊಂಟ ಮುರಿದಂತಾಗುತ್ತಿತ್ತು. ಪೈಪು ಹಚ್ಚುತ್ತೇನೆ ಬಿಡಿ ಎಂದು ಅಳಿಯ ಹೇಳಿದರೂ ನಾನು ಕೊಡದಲ್ಲೇ ಹಾಕಿದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆ ಮಳೆಗಾಲ ಮಳೆಯೂ ಚೆನ್ನಾಗಿಯೇ ಬಂತು. ಬೆಳಗ್ಗೆ ಎದ್ದ ಕೂಡಲೇ ನಾನು ಮೇಲೆ ನೋಡುತ್ತಿದ್ದೆ, ಕೆಳಗಲ್ಲ. ಐವತ್ತು ವರ್ಷ ಬರೀ ಕೆಳಗೆ ನೋಡಿದ್ದೆ. ಒಂದು ಕೊಂಬೆಯ ತುದಿಯಲ್ಲಿ ಹಸಿರು ಕಂಡ ಹಾಗಾಗಿ ಮೊಮ್ಮಗಳನ್ನು ಕೂಗಿ ಕರೆದೆ. ಅವಳ ಕಣ್ಣು ಚುರುಕು. ನೋಡಿ, "ಗಿಳಿ ಅಜ್ಜಿ ಅದು" ಎಂದಳು. ಗಿಳಿ ಹಾರಿಹೋಯಿತು.

ದೀಪಾವಳಿ ಹೊತ್ತಿಗೆ ಒಣ ಕೊಂಬೆಯೊಂದು ಮುರಿದು ಸ್ಲ್ಯಾಬಿನ ಅಂಚಿನ ಮೇಲೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಅದಾದ ಮೇಲೆ ಮಗಳೇ ಕಡಿಯುವವರನ್ನು ಕರೆಸಿದಳು. ನನ್ನನ್ನು ಕೇಳಲಿಲ್ಲ, ನಾನು ಅವಳನ್ನು ಕೇಳದೆ ಗೌಂಡಿಯನ್ನು ಕರೆಸಿದ ಹಾಗೆ.

ಕಡಿಯುವವರು ಮೇಲಿನಿಂದ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸಿದರು. ಮೂರನೇ ದಿನ ಬೊಡ್ಡೆಗೆ ಗರಗಸ ಹಚ್ಚಿದರು. ನಮ್ಮ ಮಾವ ಹೊಡೆದ ಬಳೆಯನ್ನು ಮೊದಲೇ ಕಿತ್ತು ನನ್ನ ಕೈಗೆ ಕೊಟ್ಟಿದ್ದರು. ಗರಗಸ ಒಂದು ಗೇಣು ಒಳಗೆ ಹೋಗಿರಬೇಕು, ಕಿರ್ರ್ ಎಂದು ಕೂಗಿ ನಿಂತಿತು. ಹಲ್ಲು ಮುರಿದಿತ್ತು. ಕೊಡಲಿಯಿಂದ ಸೀಳಿ ನೋಡಿದರೆ ಒಳಗೆ ಇನ್ನೊಂದು ಕಬ್ಬಿಣದ ಬಳೆ. ನನ್ನ ಕೈಯಲ್ಲಿದ್ದದ್ದಕ್ಕಿಂತ ದಪ್ಪ, ಬೇರೆಯೇ ಕೆಲಸ. ಯಾವ ಕಾಲದಲ್ಲೋ ಯಾರೋ ಹೊಡೆದದ್ದು, ಮರ ಅದನ್ನು ನುಂಗಿ ಮೇಲೆ ಒಂದು ಗೇಣು ಬೆಳೆದಿತ್ತು. ನಮ್ಮ ಮಾವನಿಗೂ ಗೊತ್ತಿರಲಿಕ್ಕಿಲ್ಲ.

ಎರಡು ಬಳೆಗಳನ್ನೂ ಎರಡು ಕೈಯಲ್ಲಿ ಹಿಡಿದು ನಿಂತೆ. ಮಗಳು ನನ್ನ ಮುಖ ನೋಡಿದಳು.

"ಕುದುರೀದೋ ಏನೋ, ಯಾರಿಗೆ ಗೊತ್ತು," ಎಂದೆ.

"ಎಮ್ಮೀದೂ ಇರಬಹುದು," ಎಂದಳು ಅವಳು. ನಗಲಿಲ್ಲ. ಆದರೆ ಆ ವರ್ಷ ಅವಳು ನನ್ನ ಜೊತೆ ಆಡಿದ ಮಾತುಗಳಲ್ಲಿ ಮೊದಲಿನ ಹಾಗಿದ್ದದ್ದು ಅದೊಂದೇ.

ಈಗ ಅಂಗಳದಲ್ಲಿ ಬಿಸಿಲಿದೆ. ಮಗಳು ನೆರಳು ಅಳೆದು ಇಟ್ಟ ಕೋಣೆಗಳು ಮಧ್ಯಾಹ್ನ ಕಾಯುತ್ತವೆ. ಅಡಿಗೆಮನೆಯ ಮುಂದೆ ನಿಲ್ಲಲಾಗುವುದಿಲ್ಲ. ಕೊಂಬೆಗೆಂದು ಬಿಡಿಸಿದ ಸ್ಲ್ಯಾಬಿನ ಅರ್ಧಚಂದ್ರದೊಳಗೆ ಏನೂ ಇಲ್ಲ, ಮಳೆ ಬಂದರೆ ಅಲ್ಲಿಂದ ಎರಚಲು. ಓಣಿಯ ಹೆಂಗಸರು ಹುಣಸೆ ಬಿಡಿಸಲು ಬಂದರೆ ಒಂದೇ ದಿನದ ಕೆಲಸ. ಕಸ ಅರ್ಧವಾಗಿದೆ. ನಾನು ಬೇಡಿಕೊಂಡಿದ್ದು ಅದನ್ನೇ.

ಸಣ್ಣ ಮರ ಇದೆ. ಸಿಮೆಂಟು ಕಡಿಮೆ ಬಿದ್ದದ್ದಕ್ಕೆ ಉಳಿಯಿತು. ನನ್ನ ಬುದ್ಧಿಯಿಂದ ಉಳಿದದ್ದಲ್ಲ.

ಮಗಳ ಹತ್ತಿರ ಜನ ಬರುವುದು ನಿಂತಿಲ್ಲ. ಕೆಲವು ದಿನದ ಹಿಂದೆ ಹಗರಿಬೊಮ್ಮನಹಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು. ಅವರ ಜಾಗದಲ್ಲಿ ಅವರ ಮುತ್ತಜ್ಜನ ಕಾಲದ ಬೇವಿನ ಮರ ಇದೆಯಂತೆ. ಅದನ್ನು ಉಳಿಸಿ ಮನೆ ಬರೆಯಿರಿ ಎಂದು ಗಂಡ ಹೇಳಿದ. ಅದಕ್ಕೊಂದು ಚೆಂದದ ಕಟ್ಟೆ, ಅಂಗಳಕ್ಕೆಲ್ಲ ಸಿಮೆಂಟು ಎಂದೂ ಹೇಳಿದ. ಮಗಳು ಬೇಡ ಎಂದಳು. ಆತ ಕೇಳಲಿಲ್ಲ, ಎಲ್ಲರೂ ಹಾಕಿಸುತ್ತಾರೆ ಎಂದ. ನಾನು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮಗಳು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ನಾನು ಸುಮ್ಮನೆ ಇರುತ್ತಿದ್ದೆನೋ ಏನೋ.

ಮೊರ ಕೆಳಗಿಟ್ಟು, "ಇಲ್ಲಿ ಬರ್ರಿ ಯಪ್ಪಾ" ಎಂದೆ. ದೊಡ್ಡ ಮರದ ಕೊರಡು ಇನ್ನೂ ಅಂಗಳದ ನಡುವೆ ಇದೆ. ತೋರಿಸಿದೆ. "ಇದಕ್ಕ ಕಟ್ಟಿ ಕಟ್ಟಿಸಿದಾಕಿ ನಾನು. ಅಕಿ ಬ್ಯಾಡ ಅಂದಿದ್ಲು. ಅಕಿ ಊರಾಗ ಇಲ್ಲದಾಗ ಕಟ್ಟಿಸಿದೆ. ಮೂರು ವರ್ಷಕ್ಕ ಸತ್ತೋತು. ರೋಗ ಅಲ್ಲ, ಸಿಡಿಲಲ್ಲ. ನಾನು."

ಹೀಗೆ ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಒಳಗೆ ಮಗಳ ಪೆನ್ಸಿಲಿನ ಸದ್ದು ನಿಂತಿತು.

ಗಂಡ ಕೊರಡು ನೋಡಿ ತಲೆಯಾಡಿಸಿದ. ಹೆಂಡತಿ ತಲೆಯಾಡಿಸಲಿಲ್ಲ. ನನ್ನ ಸೊಸೆಯ ವಯಸ್ಸಿನವಳು, ನನಗೊಬ್ಬಳು ಸೊಸೆ ಇದ್ದಿದ್ದರೆ. ಕೈ ನೋಡಿದೆ, ಕಸಬರಿಗೆ ಹಿಡಿದ ಕೈಯೇ.

"ಅದೆಲ್ಲಾ ಖರೆ ಅಮ್ಮಾ. ಆದ್ರ ಕಸ ಯಾರು ಹೊಡೀಬೇಕ್ರಿ?" ಎಂದಳು.

ಇದನ್ನು ಯಾರಾದರೂ ಕೇಳಲಿ ಎಂದು ಐವತ್ತು ವರ್ಷ ಕಾದಿದ್ದೆ. ಗಂಡ ನಕ್ಕ. ಅವನ ಕಡೆ ಬೆರಳು ತೋರಿಸಿ, "ಗಿಡ ಬೇಕಂದಾವ್ರು ಇವರಲ್ಲ? ಇವರ ಕೈಯಾಗ ಕಸಬಾರಿಗಿ ಕೊಡು. ಇವತ್ತ ಒಪ್ಪಿಸಿಕೋ, ಮನಿ ಕಟ್ಟಿದ ಮ್ಯಾಲ ಒಪ್ಪಂಗಿಲ್ಲ" ಎಂದೆ. ಆತನ ನಗು ಸಣ್ಣಗಾಯಿತು. ಅವರು ಕಟ್ಟೆ ಬೇಡವೆಂದರೋ ಬರೆಸಿಯೇ ಬಿಟ್ಟರೋ ನಾನು ಕೇಳಿಲ್ಲ.

ಅವರು ಹೋದ ಮೇಲೆ ಮಗಳು ಹೊರಗೆ ಬಂದು ಕೊರಡಿನ ಮೇಲೆ ಕೂತಳು. ಸಣ್ಣ ಮರದಿಂದ ಗಾಳಿಗೆ ಎಲೆ ಉದುರುತ್ತಿತ್ತು.

"ನಾಳಿಯಿಂದ ಬಚ್ಚಲ ಕಡಿ ನಾ ಹೊಡೀತೀನಿ," ಎಂದಳು.

"ಎಷ್ಟ ದಿನ?"

"ನೋಡೂಣು."

ಒಂಬತ್ತು ದಿನ ಹೊಡೆದಳು. ಹತ್ತನೇ ದಿನ ಹರಪನಹಳ್ಳಿ ಕೆಲಸಕ್ಕೆ ಹೋಗಬೇಕಾಯಿತು. ನಾನು ಎದ್ದು ಗೋಡೆ ಹಿಡಿದು ನಿಂತು, ಮೊದಲು ಮೇಲೆ ನೋಡಿ, ಆಮೇಲೆ ಕಸಬರಿಗೆ ತೆಗೆದುಕೊಂಡೆ.